ಅಣಬೆ ಕ್ಯಾಪ್ಸೂಲ್ ನಂಬಿ ಚಿಕ್ಕಪ್ಪ ಕೀಮೋ ಬಿಟ್ಟರು

ಮಳೆ ಹಿಡಿದರೆ ಸಾಕು, ಕುಮ್ಮು (ಅಣಬೆ) ಎಲ್ಲಿ ಎದ್ದಿದೆ ಅಂತ ತೋಟವೆಲ್ಲ ಹುಡುಕುವವರು ನಾವು ಕೊಡಗಿನವರು. ಅಣಬೆ ಅಂದ ಕೂಡಲೇ ನಂಬಿದ್ದು ಅದಕ್ಕೇ ಇರಬೇಕು.

ಚಿಕ್ಕಪ್ಪನಿಗೆ ಜಠರದ ಕ್ಯಾನ್ಸರ್. ವಿರಾಜಪೇಟೆಯಿಂದ ಮೈಸೂರಿಗೆ ಹೋಗಿ ಕೀಮೋ ಹಾಕಿಸಿಕೊಂಡು ಬರುತ್ತಿದ್ದರು. ಬಾಯಿ ತುಂಬ ಹುಣ್ಣು, ವಾಂತಿ, ಮೇಲೆ ಮಳೆಗಾಲದ ಆ ದಾರಿ. ಎರಡನೇ ಸಲ ಹೋಗಿಬಂದು ಮಲಗಿದ್ದಾಗ ಪರಿಚಯದವರೊಬ್ಬರು ಮೂರು ಡಬ್ಬಿ ಹಿಡಿದು ಬಂದರು. "ಜಪಾನ್ ಸರ್ಕಾರವೇ ಒಪ್ಪಿರೋ ಅಣಬೆ ಔಷಧಿ ಅಣ್ಣಾ. ಕೀಮೋ ಅಂತ ಸುಮ್ನೆ ಯಾಕೆ ನರಳ್ತೀರಿ?" 9,600 ರೂಪಾಯಿ. ಬಿಲ್ ಇಲ್ಲ.

ನಾನು ಫೋನಿನಲ್ಲಿ ಹುಡುಕಿದೆ. ಜಪಾನಿನ ಮಾತು ನಿಜವೇ ಇತ್ತು! ಪೂರ್ತಿ ಸುಳ್ಳಾಗಿದ್ದರೆ ನಾವು ಬಚಾವಾಗುತ್ತಿದ್ದೆವು. ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್‌ಗೆ 1985ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತ್ತು, ಅದೂ ಜಠರದ ಕ್ಯಾನ್ಸರ್‌ಗೇ. ಅಷ್ಟು ಓದಿ ಫೋನ್ ಕೆಳಗಿಟ್ಟೆ. ಮುಂದಿನ ಸಾಲು ಓದಬೇಕಿತ್ತು: ಅದು ಶುದ್ಧ ಮಾಡಿದ ಇಂಜೆಕ್ಷನ್, ಕೊಡುತ್ತಿದ್ದದ್ದು ಕೀಮೋ ಜೊತೆಗೆ. ಅಲ್ಲಿ 1977ರಲ್ಲೇ ಒಪ್ಪಿಗೆ ಪಡೆದ ಇನ್ನೊಂದು ಅಣಬೆ ಔಷಧಿ ಪಿಎಸ್‌ಕೆ, ಅದು ಬಾಯಿಂದ ತಗೊಳ್ಳುವಂಥದ್ದು. ಒಣ ದಿಮ್ಮಿಗೆ ಬೀಸಣಿಗೆ ಥರ ಪಟ್ಟೆಪಟ್ಟೆಯಾಗಿ ಅಂಟಿಕೊಳ್ಳುತ್ತದಲ್ಲ, ಅಂಥ ಅಣಬೆಯದ್ದು. ಅದನ್ನೂ ಕೊಡುತ್ತಿದ್ದದ್ದು ಚಿಕಿತ್ಸೆಯ ಜೊತೆಗೇ, ಚಿಕಿತ್ಸೆ ಬಿಡಿಸಿ ಅಲ್ಲ.

ಚಿಕ್ಕಪ್ಪ ಎರಡು ಕೀಮೋ ತಪ್ಪಿಸಿದರು. ಹುಣ್ಣು ಮಾಯಿತು, ಊಟ ಸೇರಿತು. ಕ್ಯಾಪ್ಸೂಲ್ ಕೆಲಸ ಮಾಡ್ತಿದೆ ಅಂತ ಮನೆಯವರಿಗೆಲ್ಲ ಖುಷಿ. ಕೀಮೋ ನಿಂತರೆ ಹುಣ್ಣು ಮಾಯುತ್ತೆ ಅಂತ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಹೊಟ್ಟೆನೋವು ಶುರುವಾಯಿತು. ಸ್ಕ್ಯಾನ್‌ನಲ್ಲಿ ಗಡ್ಡೆ ದೊಡ್ಡದಾಗಿತ್ತು.

ಡಬ್ಬಿಯ ಮೇಲೆ ದೊಡ್ಡದಾಗಿ 'ಪಾಲಿಸ್ಯಾಕರೈಡ್ 40%' ಅಂತಿದೆ. ನನಗೆ ಜಾಸ್ತಿ ಸಿಟ್ಟು ಬಂದದ್ದು ಇದರ ಮೇಲೆ. ಅಣಬೆಯಲ್ಲಿ ಬೇಕಾದದ್ದು ಬೀಟಾ ಗ್ಲೂಕಾನ್ ಅನ್ನುವ ಪಾಲಿಸ್ಯಾಕರೈಡ್. ನಮ್ಮ ರಕ್ಷಣಾ ಕಣಗಳು ಅದನ್ನು ಗುರುತಿಸಿ ಚುರುಕಾಗುತ್ತವೆ. ಆದರೆ ಅನ್ನದ ಪಿಷ್ಟವೂ ಪಾಲಿಸ್ಯಾಕರೈಡೇ! ಎರಡೂ ಗ್ಲೂಕೋಸ್ ಮಣಿ ಪೋಣಿಸಿದ ಸರ, ಪೋಣಿಸಿದ ರೀತಿ ಬೇರೆ. ಅಕ್ಕಿ, ಜೋಳದ ಮೇಲೆ ಅಣಬೆಯ ಬಿಳಿ ಎಳೆ ಬೆಳೆಸಿ, ಕಾಳು ಸಮೇತ ಪುಡಿ ಮಾಡಿದರೂ 40% ಅಂತ ಬರೆಯಬಹುದು.

ಪಿಷ್ಟ ಇದೆಯಾ ನೋಡೋಣ ಅಂತ ಮೆಡಿಕಲ್‌ನಿಂದ ಟಿಂಚರ್ ಅಯೋಡಿನ್ ತಂದೆ. ಪಿಷ್ಟ ಇದ್ದರೆ ಅದು ಕಡುನೀಲಿ ಆಗುತ್ತೆ. ಮೂರು ಲೋಟದಲ್ಲಿ ಬಿಸಿನೀರು. ಒಂದಕ್ಕೆ ಕ್ಯಾಪ್ಸೂಲ್ ಪುಡಿ, ಒಂದಕ್ಕೆ ಕಡಂಬುಟ್ಟಿನ ಅಕ್ಕಿತರಿ, ಇನ್ನೊಂದಕ್ಕೆ ಒಣಗಿಸಿ ಪುಡಿ ಮಾಡಿದ ಚಿಪ್ಪಣಬೆ. ಆರಿದ ಮೇಲೆ ಎರಡೆರಡು ಹನಿ ಹಾಕಿದೆ. ಚಿಪ್ಪಣಬೆ ಲೋಟ ಚಹಾ ಬಣ್ಣದಲ್ಲೇ ಉಳಿಯಿತು. ಅಕ್ಕಿತರಿ ಕಡುನೀಲಿ ಆಯಿತು. ಕ್ಯಾಪ್ಸೂಲ್ ಪುಡಿಯೂ ಅಷ್ಟೇ ಕಡುನೀಲಿ. ಪಕ್ಕದಲ್ಲಿಟ್ಟರೆ ಯಾವುದು ಯಾವುದು ಅಂತ ಚಿಕ್ಕಮ್ಮನಿಗೆ ಗೊತ್ತಾಗಲಿಲ್ಲ. ಬಣ್ಣ ಬರದಿದ್ದರೆ ಮಾಲು ಒಳ್ಳೆಯದು ಅಂತಲೂ ಅಲ್ಲ, ಪಿಷ್ಟ ಬೆರೆತಿಲ್ಲ ಅಂತ ಅಷ್ಟೇ.

ನಿಮ್ಮ ಮನೆಗೂ ಯಾರಾದರೂ ಇಂಥ ಡಬ್ಬಿ ತಂದರೆ ಮೊದಲು ಬಿಲ್ ಕೇಳಿ. ಬೀಟಾ ಗ್ಲೂಕಾನ್ ಎಷ್ಟಿದೆ ಅಂತ ಕೇಳಿ. ಚಿಕಿತ್ಸೆ ನಡೀತಿದ್ದರೆ ಡಬ್ಬಿಯನ್ನು ಡಾಕ್ಟರಿಗೆ ತೋರಿಸದೆ ಒಂದು ಮಾತ್ರೆಯನ್ನೂ ನುಂಗಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಂತೂ ರೀಶಿ ಅಣಬೆಯ ಹತ್ತಿರವೂ ಹೋಗಬೇಡಿ, ರಕ್ತಸ್ರಾವದ ಅಪಾಯ ಇದೆ.

ಚಿಕ್ಕಪ್ಪ ಮತ್ತೆ ಕೀಮೋ ಶುರು ಮಾಡಿದ್ದಾರೆ. ಮಾರಿದವರಿಗೆ ಫೋನ್ ಮಾಡಿದ್ದಕ್ಕೆ, "ಕೋರ್ಸ್ ಪೂರ್ತಿ ಮಾಡದೆ ಬಿಟ್ಟಿರಿ, ಅದಕ್ಕೇ ಹೀಗಾಯ್ತು" ಅಂದರು.