ಮುಚ್ಚಳದ ಅಳತೆಯಲ್ಲಿ ಔಷಧಿ ಬೆರೆಸುವ ಬಾಡಿಗೆ ಸಿಂಪಡಣೆ ತಂಡ

ಬ್ಯಾಡಗಿ ತಾಲೂಕಿನ ನಮ್ಮ ಎರಡು ಎಕರೆ ಮೆಣಸಿನ ಗಿಡಕ್ಕೆ ಕಳೆದ ಹಂಗಾಮಿನಲ್ಲಿ ಔಷಧಿ ಹೊಡೆಯಲು ಬಾಡಿಗೆ ತಂಡವೊಂದನ್ನು ಕರೆಸಿದ್ದೆವು. ಹೇಳಿದ ಹೊತ್ತಿಗೆ ಬಂದರು, ಬಿಸಿಲೇರುವ ಮೊದಲೇ ಕೆಲಸ ಮುಗಿಸಿದರು, ಎಲೆಯ ಅಡಿಭಾಗಕ್ಕೂ ತಲುಪುವಂತೆ ನಳಿಕೆ ತಿರುಗಿಸಿ ಹೊಡೆದರು. ಇಷ್ಟರ ಮಟ್ಟಿಗೆ ಅವರ ಕೆಲಸ ಮೆಚ್ಚುವಂಥದ್ದೇ. ಆದರೆ ಔಷಧಿ ಬೆರೆಸಿದ ರೀತಿಯನ್ನು ನಾನು ಒಪ್ಪಲಾರೆ.

ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟದ ಹತೋಟಿಗೆಂದು ತಂದಿಟ್ಟಿದ್ದ ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ ಎಂಬ ದ್ರವರೂಪದ ಕೀಟನಾಶಕವನ್ನು ಲೀಟರ್ ನೀರಿಗೆ 0.3 ಮಿ.ಲೀ.ನಂತೆ, ಅಂದರೆ 16 ಲೀಟರಿನ ಒಂದು ಕ್ಯಾನಿಗೆ ಸುಮಾರು 5 ಮಿ.ಲೀ. ಬೆರೆಸಬೇಕಿತ್ತು. ಅವರು ಬಾಟಲಿಯ ಮುಚ್ಚಳದಲ್ಲಿ ಕಣ್ಣಂದಾಜಿನಿಂದ ಸುರಿದರು. ಅವರು ತುಂಬಿದ ಮಟ್ಟಕ್ಕೇ ಆ ಮುಚ್ಚಳಕ್ಕೆ ನೀರು ಹಾಕಿ, ಸಂಜೆ ಸಿರಿಂಜಿನಿಂದ ಎಳೆದು ನೋಡಿದರೆ ಎರಡೂವರೆ ಮಿ.ಲೀ. ದಾಟಲಿಲ್ಲ. ‘ಎಣ್ಣಿ (ಔಷಧಿ) ಉಳೀತಲ್ರಿ’ ಎಂದು ಬಾಟಲಿಯನ್ನು ನನ್ನ ಕೈಗಿತ್ತು ಹೋಗಿದ್ದರು.

ಅರ್ಧ ಔಷಧಿಗೆ ಅರ್ಧ ಹುಳುವಾದರೂ ಸಾಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಾಯದಷ್ಟೇ ವಿಷ ತಗುಲಿದ ಕೀಟ ಕೆಲವೊಮ್ಮೆ ಮೊದಲಿಗಿಂತ ಹೆಚ್ಚು ಸಂತಾನ ಬೆಳೆಸುತ್ತದೆ. ಕೀಟಶಾಸ್ತ್ರದಲ್ಲಿ ಇದನ್ನು ಹಾರ್ಮೆಸಿಸ್ ಎನ್ನುತ್ತಾರೆ. ಮೆಣಸಿನ ಗಿಡಕ್ಕೂ ಬೀಳುವ ಮೈಜಸ್ ಪರ್ಸಿಕೆ ಎಂಬ ಹಸಿರು ಸಸ್ಯಹೇನು, ಇದೇ ಇಮಿಡಾಕ್ಲೋಪ್ರಿಡ್‌ನ ಅತಿ ಕಡಿಮೆ ಪ್ರಮಾಣಕ್ಕೆ ಒಡ್ಡಿದಾಗ ಹೆಚ್ಚು ಮರಿ ಹಾಕಿದ್ದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಅದರ ಜೊತೆಗೆ, ಅರೆಬರೆ ವಿಷವನ್ನು ತಾಳಿಕೊಂಡು ಉಳಿದ ಹುಳುಗಳೇ ಮುಂದಿನ ಪೀಳಿಗೆಯನ್ನು ಹುಟ್ಟಿಸುವುದರಿಂದ ಔಷಧಿ ಬರಬರುತ್ತಾ ನಾಟದಂತಾಗುತ್ತದೆ. ಹೇನು ತಿನ್ನುವ ಗುಲಗಂಜಿ ಹುಳುವಿನಂಥ ಮಿತ್ರಕೀಟಗಳಿಗೂ ಪೆಟ್ಟು ಬೀಳುತ್ತದೆ.

ಸಿಂಪಡಣೆಯಾದ ಹನ್ನೆರಡನೆಯ ದಿನ ಕುಡಿಯೊಂದನ್ನು ಬಿಳಿ ಹಾಳೆಯ ಮೇಲೆ ತಟ್ಟಿದೆ. ಹಳದಿ ಥ್ರಿಪ್ಸ್ ಮರಿಗಳು ದಾರದ ಚೂರುಗಳಂತೆ ಉದುರಿ ಹರಿದಾಡಿದವು. ಎಲೆಗಳು ದೋಣಿಯಂತೆ ಮೇಲ್ಮುಖವಾಗಿ ಮುದುಡಿದ್ದವು. ಕೆಲವು ಗಿಡಗಳಲ್ಲಿ ಎಲೆ ಕೆಳಮುಖವಾಗಿ ಮಡಚಿತ್ತು, ಅದು ಜೇಡದ ಜಾತಿಗೆ ಹತ್ತಿರದ ನುಸಿ ಎಂಬ ಅತಿ ಸಣ್ಣ ಪೀಡೆಯ ಗುರುತು. ನುಸಿಗೆ ಈ ಔಷಧಿ ಹತ್ತುವುದೇ ಇಲ್ಲ. ಪಕ್ಕದ ಹೊಲದವರು ಡೋಸು ದುಪ್ಪಟ್ಟು ಮಾಡಿ ಹೊಡೆಯಲು ಹೇಳಿದರು. ಅದೂ ತಪ್ಪು ದಾರಿಯೇ. ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ನಾನು ಬೇರೆ ರಾಸಾಯನಿಕ ಗುಂಪಿನ ಸ್ಪಿನೋಸ್ಯಾಡ್ ಎಂಬ ಕೀಟನಾಶಕ ತಂದು, ಪ್ರತಿ ಕ್ಯಾನಿಗೂ ಅಳೆದು ಹಾಕಿ ನಾನೇ ಹೊಡೆದೆ. ಉಳಿಸಿದ ಔಷಧಿಯ ಹಣಕ್ಕಿಂತ ಈ ಎರಡನೆಯ ಸಿಂಪಡಣೆಯ ಖರ್ಚೇ ಹೆಚ್ಚಾಯಿತು.

ಫೋನಿನಲ್ಲಿ ವಿಷಯ ತಿಳಿಸಿದಾಗ ತಂಡದವರು ಜಗಳಕ್ಕೆ ಬರಲಿಲ್ಲ, ಅಳತೆಯ ಕಪ್ಪು ಇಟ್ಟುಕೊಳ್ಳುತ್ತೇವೆ ಎಂದರು. ಮುಂದಿನ ಸಲ ಸಿರಿಂಜನ್ನು ನಾನೇ ಒಯ್ದು, ಒಂದೊಂದು ಕ್ಯಾನು ಬೆರೆಸುವಾಗಲೂ ಪಕ್ಕದಲ್ಲಿ ನಿಲ್ಲುವ ಷರತ್ತಿನ ಮೇಲೆ ಇವರನ್ನೇ ಕರೆಸುತ್ತೇನೆ.