ಒಂದು ದಿನವೂ ತಡ ಮಾಡಲಿಲ್ಲ, ಆದರೂ ಸ್ಕೋರ್ 689: ಮೂರು ವರ್ಷ ಬಳಸಿದ ಕ್ರೆಡಿಟ್ ಕಾರ್ಡಿನ ಕಥೆ

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಒಂಬತ್ತು ಮಷಿನ್. ಈ ರುಪೇ ಕ್ರೆಡಿಟ್ ಕಾರ್ಡ್ ತಗೊಂಡಿದ್ದು 2023ರಲ್ಲಿ. ಏರ್‌ಪೋರ್ಟ್ ಲೌಂಜು, ರಿವಾರ್ಡ್ ಪಾಯಿಂಟು ಇವನ್ನೆಲ್ಲ ಬೇಕಾದವರು ಬೇರೆ ಕಡೆ ಓದಿಕೊಳ್ಳಿ. ನಾನು ಇಲ್ಲಿಯವರೆಗೆ ವಿಮಾನ ಹತ್ತಿದವನಲ್ಲ.

ನನಗೆ ಇದು ಹಿಡಿಸಿದ್ದು ಒಂದೇ ಕಾರಣಕ್ಕೆ. ಯುಪಿಐಗೆ ಜೋಡಿಸಬಹುದು. ಬೆಳಿಗ್ಗೆ ಯೂನಿಟ್ ಬಾಗಿಲು ತೆಗೆಯೋ ಮುಂಚೆ ಮೂಲೆಯ ಬಂಡಿಯಲ್ಲಿ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿನ್ನೋದು ನನ್ನ ರೂಢಿ. ಮೊದಲು ಅಲ್ಲಿ ಕಾರ್ಡ್ ನಡೀತಿರಲಿಲ್ಲ. ಬಂಡಿಯಣ್ಣನದ್ದು ಸ್ವಂತ ಖಾತೆಯ ಕ್ಯೂಆರ್. ಕ್ರೆಡಿಟ್ ಕಾರ್ಡ್ ಓಡೋದು ಅಂಗಡಿಯ ಕ್ಯೂಆರ್‌ಗೆ ಮಾತ್ರ. ಆಮೇಲೆ ಅವನೂ ಅಂಗಡಿ ಕ್ಯೂಆರ್ ಮಾಡಿಸಿದ, ಕೂಗೋ ಡಬ್ಬಿ ಸಮೇತ. ಸ್ಕ್ಯಾನ್ ಮಾಡು, ನಲವತ್ತು ಒತ್ತು, ಪಿನ್ ಹಾಕು, ಡಬ್ಬಿ ಕೂಗಿತು ಅಂದ್ರೆ ನನ್ನ ದಿನ ಶುರು. ಜೇಬಲ್ಲಿ ಚಿಲ್ಲರೆ ಹುಡುಕೋ ಕೆಲಸ ಇಲ್ಲ. ಖಾತೆಯ ದುಡ್ಡು ಮುಟ್ಟೋದೂ ಇಲ್ಲ. ಸುಮ್ನೆ ಹೇಳ್ತಿಲ್ಲ, ಮಿರ್ಚಿಯ ರುಚಿಯೇ ಜಾಸ್ತಿ ಆದಂಗಿತ್ತು.

ಹೀಗೇ ದಾರ, ಜಿಪ್, ಗುಂಡಿ, ಮಷಿನ್ ಎಣ್ಣೆ, ಹುಡುಗರ ಚಹಾ ಎಲ್ಲವೂ ಕಾರ್ಡಿಗೇ ಬಂತು. ಲಿಮಿಟ್ 60,000. ತಿಂಗಳಿಗೆ 52, 54 ಸಾವಿರ ಆಗ್ತಿತ್ತು. ಬಿಲ್ ಬರೋದು 3ನೇ ತಾರೀಕು. ಆರ್ಡರ್ ಕೊಟ್ಟ ಪಾರ್ಟಿಗಳಿಂದ ದುಡ್ಡು ಬರೋದು 10ರ ಮೇಲೆ. ಕಟ್ಟೋಕೆ 22ರವರೆಗೆ ಟೈಮ್ ಇದ್ದರೂ 15ಕ್ಕೇ ಪೂರ್ತಿ ಕಟ್ಟಿಬಿಡ್ತಿದ್ದೆ. ಬಡ್ಡಿ ಅಂತ ಒಂದು ರೂಪಾಯಿ ಕೊಟ್ಟಿಲ್ಲ. ನನ್ನಂಥ ಶಿಸ್ತಿನ ಗಿರಾಕಿ ಈ ಬ್ಯಾಂಕಿಗೆ ಇನ್ನೊಬ್ಬ ಇದ್ದಾನಾ ಅಂತ ಒಳಗೊಳಗೇ ಜಂಬ.

2024ರ ದೀಪಾವಳಿ ಸೀಸನ್ನಿಗೆ ಮುಂಚೆ ಜೀನ್ಸಿನ ಕಾಲಿಗೆ ಜೋಡಿ ಹೊಲಿಗೆ ಹಾಕೋ ಮಷಿನ್ನಿಗೆ ಸಾಲ ಕೇಳೋಕೆ ಇನ್ನೊಂದು ಬ್ಯಾಂಕಿಗೆ ಹೋದೆ. ಜಂಬ ಇಳಿದಿದ್ದು ಅಲ್ಲೇ. ಸಿಬಿಲ್ ಸ್ಕೋರ್ 689. ಸಿಬಿಲ್ ಅಂದ್ರೆ ನಮ್ಮ ಸಾಲ, ಕಾರ್ಡುಗಳ ಲೆಕ್ಕವನ್ನ ಬ್ಯಾಂಕುಗಳಿಂದ ತರಿಸಿಕೊಂಡು ಅಂಕ ಹಾಕೋ ಬ್ಯೂರೋ. ಇದು 300ರಿಂದ 900ರವರೆಗಿನ ಲೆಕ್ಕ. 750 ದಾಟಿದ್ದರೆ ಬಡ್ಡಿಯಲ್ಲಿ ಮಾತಾಡಬಹುದಿತ್ತು ಅಂದ್ರು ಸಾಲದ ವಿಭಾಗದ ಮೇಡಂ.

"ಒಂದು ದಿನನೂ ತಡ ಮಾಡಿಲ್ಲ ಮೇಡಂ, ಬೇಕಾದ್ರೆ ನೋಡ್ರಿ."

"ತಡ ಇಲ್ಲ ಸರ್, ಕಾಣ್ತಾ ಇದೆ. ಇಲ್ಲಿ ನೋಡಿ" ಅಂತ ರಿಪೋರ್ಟಿನ ಮೇಲೆ ಪೆನ್ ಇಟ್ಟರು. ಲಿಮಿಟ್ 60,000. ಪಕ್ಕದಲ್ಲಿ ಬಾಕಿ 54,310.

"ಅದನ್ನ 15ಕ್ಕೇ ಕಟ್ಟೀನಲ್ರಿ!"

"ಕಟ್ಟಿದ್ದೀರಿ. ಆದ್ರೆ ಬ್ಯಾಂಕ್ ಕಳಿಸಿದ್ದು ಬಿಲ್ ದಿನದ ಬಾಕಿ. ನೋಡೋರಿಗೆ ನೀವು ಪ್ರತಿ ತಿಂಗಳೂ ಲಿಮಿಟ್ಟಿನ ನೂರಕ್ಕೆ ತೊಂಬತ್ತು ಬಳಸೋರು."

ನಮ್ಮ ಕೆಲಸದಲ್ಲೇ ಹೇಳೋದಾದ್ರೆ, ಪಾರ್ಟಿಯವರು ಬಂದಾಗ ಕಟಿಂಗ್ ಟೇಬಲ್ ಮೇಲೆ ಚೂರು ಬಟ್ಟೆ ರಾಶಿ ಬಿದ್ದಿದ್ದರೆ, ಸಂಜೆ ಗುಡಿಸ್ತೀವಿ ಅಂದ್ರೂ ಅವರ ಕಣ್ಣಿಗೆ ಬಿದ್ದಿದ್ದು ರಾಶಿಯೇ ಅಲ್ವಾ? ಟೈಮಿಗೆ ಕಟ್ಟೋದು ಒಂದು ಲೆಕ್ಕ. ಲಿಮಿಟ್ಟಿನಲ್ಲಿ ಎಷ್ಟು ತುಂಬಿಸಿದ್ದೀರಿ ಅನ್ನೋದು ಬೇರೆಯೇ ಲೆಕ್ಕ. ನೂರಕ್ಕೆ ಮೂವತ್ತರ ಒಳಗಿದ್ದರೆ ಒಳ್ಳೇದು ಅಂತಾರೆ. ಅದು ಕಾನೂನಲ್ಲ, ರೂಢಿಯ ಮಾತು. ನನ್ನ 60,000ಕ್ಕೆ ಅದು ಬರೀ 18,000. ದಾರದ ಅಂಗಡಿಗೇ ಸಾಲಲ್ಲ. ನಾನು ಅಷ್ಟು ಮೆಚ್ಚಿದ ಯುಪಿಐ ಇದೆಯಲ್ಲ, ನಲವತ್ತು ನಲವತ್ತು ಅಂತ ಲಿಮಿಟ್ ತುಂಬಿಸಿದ್ದು ಅದೇ.

ಅವತ್ತು ಕಾರ್ಡ್ ಕತ್ತರಿಸಿಬಿಡೋಣ ಅನ್ನಿಸಿತ್ತು. ಕತ್ತರಿ ಕೈಯಲ್ಲೇ ಇರುತ್ತೆ ನಮಗೆ. ಮೇಡಂ ಬೇಡ ಅಂದ್ರು. ಇನ್ನೊಂದು ಹಳೇ ಕಾರ್ಡ್ ಬೀರುವಿನಲ್ಲಿ ಮಲಗಿತ್ತು, ಲಿಮಿಟ್ 20,000. ಅದನ್ನೂ ಮುಚ್ಚಬೇಡಿ ಅಂದ್ರು. ಮುಚ್ಚಿದರೆ ಒಟ್ಟು ಲಿಮಿಟ್ ಇಳಿಯುತ್ತೆ, ಅದೇ ಖರ್ಚಿಗೆ ಪರ್ಸೆಂಟ್ ಏರುತ್ತೆ.

ಈಗ ಬೈಗುಳದ ಭಾಗ. ಬಿಲ್ ತಾರೀಕನ್ನ 3ರಿಂದ 14ಕ್ಕೆ ಹಾಕಿಕೊಡಿ ಅಂತ ಕಾರ್ಡ್ ಕೊಟ್ಟ ಬ್ಯಾಂಕಿಗೆ ಫೋನ್ ಮಾಡಿದೆ. ಪಾರ್ಟಿ ದುಡ್ಡು ಬಂದ ಮೇಲೆ ಬಿಲ್ ಬಂದರೆ, ಅದಕ್ಕೂ ಮುಂಚೆ ಕಟ್ಟಬಹುದಲ್ಲ. "ಆಗಲ್ಲ ಸರ್" ಅಂದ್ರು. ಎರಡನೇ ಸಲವೂ ಅದೇ. ಪ್ರತಿ ಸಲ ಇಪ್ಪತ್ತು ನಿಮಿಷ ಅದೇ ಟ್ಯೂನ್ ಕೇಳಿ ಕೇಳಿ ಹೊಲಿಯೋ ಹುಡುಗರೂ ಗುನುಗೋಕೆ ಶುರು ಮಾಡಿದ್ರು. ಬಿಲ್ ಸೈಕಲ್ಲನ್ನ ಒಂದು ಸಲವಾದರೂ ಬದಲಿಸೋ ಅವಕಾಶ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲೇ ಇತ್ತು. ಅದನ್ನು ಬರೆದು ಇಮೇಲ್ ಹಾಕಿದ ಮೇಲೆ ನಾಲ್ಕೇ ದಿನದಲ್ಲಿ ಆಯ್ತು. ಮೊದಲೇ ಮಾಡೋಕೆ ಏನಾಗಿತ್ತು ಇವರಿಗೆ?

ಲಿಮಿಟ್ ಏರಿಸ್ತೀವಿ ಅನ್ನೋ ಮೆಸೇಜಿಗೆ ಎರಡು ಸಲ ಬೇಡ ಅಂದಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಬೆಳೆದವರು ನಾವು. ಇಲ್ಲಿ ನೋಡಿದರೆ ಕಾಲು ಅಷ್ಟೇ ಇಟ್ಟುಕೊಂಡು ಹಾಸಿಗೆ ದೊಡ್ಡದು ಮಾಡಿಸಿದರೇ ಮರ್ಯಾದೆ! ಈ ಸಲ ಒಪ್ಪಿದೆ. 1,10,000 ಆಯ್ತು. ಕೈ ಬಿಗಿ ಇಲ್ಲದವರು ಇದನ್ನ ನೋಡಿ ಒಪ್ಪಬೇಡಿ. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಆಸುಪಾಸು ಬಡ್ಡಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮಿನಿಮಮ್ ಡ್ಯೂ, ಅಂದ್ರೆ ಬಿಲ್ಲಿನಲ್ಲಿ ಹಾಕಿರೋ ಕನಿಷ್ಠ ಮೊತ್ತ, ಕಟ್ಟಿದರೆ ಸಾಕು ಅನ್ನೋದನ್ನಂತೂ ನಂಬಲೇಬೇಡಿ. ತಡ ಆಯ್ತು ಅನ್ನೋ ಹೆಸರು ತಪ್ಪುತ್ತೆ, ಬಡ್ಡಿ ತಪ್ಪಲ್ಲ, ಬಾಕಿಯೂ ರಿಪೋರ್ಟಿನಲ್ಲಿ ಹಾಗೇ ಕೂತಿರುತ್ತೆ.

ಈಗ 12ನೇ ತಾರೀಕು ಸಂಜೆ ನನಗೊಂದು ಪೂಜೆ ಇದ್ದಂಗೆ. ಯೂನಿಟ್ ಗೋಡೆಯ ಕ್ಯಾಲೆಂಡರಿನಲ್ಲಿ 12ಕ್ಕೂ 27ಕ್ಕೂ ಮಾರ್ಕಿಂಗ್ ಚಾಕಿನಿಂದ ಸುತ್ತು ಹಾಕಿದ್ದೀನಿ. ಮಷಿನ್ ಆಫ್ ಮಾಡಿ ಕಟಿಂಗ್ ಟೇಬಲ್ ಮೇಲೆ ಕೂತು ಆ್ಯಪ್ ತೆಗೀತೀನಿ. ಇಡೀ ದಿನ ಡೆನಿಮ್ ಮುಟ್ಟಿದ ಹೆಬ್ಬೆರಳು ನೀಲಿ, ಮೇಲೆ ನೂಲಿನ ಧೂಳು. ಫೋನ್ ಬೆರಳಚ್ಚು ಹಿಡಿಯಲ್ಲ. ಪ್ಯಾಂಟಿಗೆ ಒರೆಸಿದರೂ ಊಹೂಂ, ಪ್ಯಾಂಟೂ ಜೀನ್ಸೇ. ಕೊನೆಗೆ ಚಹಾದ ಲೋಟದ ಹೊರಗೆ ಬೆರಳು ಒತ್ತಿ, ಬಿಸಿ ಮಾಡಿ, ಒರೆಸಿ ಇಟ್ಟರೆ ತೆರೆಯುತ್ತೆ. ನಾಲ್ಕೈದು ಸಾವಿರ ಬಿಟ್ಟು ಉಳಿದದ್ದು ಕಟ್ಟಿಬಿಡ್ತೀನಿ. ಆ ನಾಲ್ಕೈದು ಸಾವಿರ ಬಿಲ್ ಬಂದ ಮೇಲೆ, ಕೊನೆಯ ದಿನದ ಒಳಗೆ ಪೂರ್ತಿ. ಸ್ವಲ್ಪ ಬಾಕಿ ಉಳಿಸಿ ಬಡ್ಡಿ ಕಟ್ಟಿದರೆ ಸ್ಕೋರ್ ಏರುತ್ತೆ ಅಂತ ನನ್ನ ಭಾವಮೈದ ಹೇಳ್ತಾನೆ. ಸುಳ್ಳು.

27 ಯಾಕೆ ಅಂದ್ರೆ, ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಬ್ಯೂರೋಗೆ ಲೆಕ್ಕ ಕಳಿಸಬೇಕು ಅಂತ 2025ರ ಜನವರಿಯಿಂದ ನಿಯಮ ಬಂತು. ಬಿಲ್ ದಿನ ಒಂದನ್ನೇ ಕಾದು ಕೂತರೆ ಸಾಲದು.

ಐದು ತಿಂಗಳಿಗೆ 752 ಆಯ್ತು. ಮುಂಚೆ ಕಟ್ಟಿದ್ದು ಕೆಲಸ ಮಾಡಿತೋ, ಲಿಮಿಟ್ ಏರಿದ್ದೋ, ಎರಡೂ ಸೇರಿಯೋ. ಮಷಿನ್ ಬಂತು, ಸೀಸನ್ ಮುಗಿದ ಮೇಲೆ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪ್ರತಿ ಬ್ಯೂರೋದವರೂ ಪುಕ್ಕಟೆ ಕೊಡ್ತಾರೆ. ನಮ್ಮದು ನಾವೇ ನೋಡಿಕೊಂಡರೆ ಸ್ಕೋರ್ ಇಳಿಯಲ್ಲ. ಇದನ್ನ ನಾನು 2023ರಲ್ಲೇ ನೋಡಬೇಕಿತ್ತು.

ಕಾರ್ಡ್ ಇಟ್ಟುಕೊಂಡಿದ್ದೀನಿ. ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ಆ ಟ್ಯೂನಿಗೆ ಕತ್ತರಿಸಿದ್ದು. ಮಿರ್ಚಿಗೆ ಮಾತ್ರ ಈಗ ನಗದು ಕೊಡ್ತೀನಿ. "ಯಾಕಣ್ಣಾ, ಕಾರ್ಡ್ ಹೋತೇನು?" ಅಂತ ಬಂಡಿಯಣ್ಣ ಇವತ್ತಿಗೂ ಕೇಳ್ತಾನೆ.