6.48ರ ಆರ್ಡರು: ಮೂರು ಬಾರುಗಳ ಹ್ಯಾಪಿ ಅವರ್ ಹೋಲಿಕೆ

ಮಡಿಕೇರಿ ಪೇಟೆಯೊಳಗಿನ ಹಳೆಯ ಬಾರೇ ನನಗೆ ಮೇಲು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮಳೆಗಾಲದಲ್ಲಿ ಭಾವನವರೊಂದಿಗೆ ಮೂರು ಕಡೆ ಸಂಜೆಯ ರಿಯಾಯಿತಿಯ ಹೊತ್ತಿನಲ್ಲಿ ಕುಳಿತು, ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಂಡ ಮೇಲೆ ಮೂಡಿದ ಅಭಿಪ್ರಾಯವಿದು. ಉಳಿದ ಎರಡರಲ್ಲಿ ಒಂದು ಊರ ಹೊರಗಿನ ಕಾಫಿ ತೋಟದ ನಡುವಿನ ರೆಸಾರ್ಟಿನ ಸ್ಟೇಕ್‌ಹೌಸ್ ಬಾರು, ಮತ್ತೊಂದು ಕುಶಾಲನಗರದ ಕಡೆಯ ಗ್ರಿಲ್.

ರೆಸಾರ್ಟಿನಲ್ಲಿ ಸಂಜೆ 5ರಿಂದ 7ರವರೆಗೆ ವಿಸ್ಕಿಗೆ ಒಂದಕ್ಕೊಂದು ಉಚಿತ, ತಿಂಡಿಗೆ ಶೇಕಡಾ 30 ಕಡಿತ. 650 ರೂಪಾಯಿಯ 60 ಮಿಲಿ ಲಾರ್ಜ್ ಒಂದಕ್ಕೆ 325 ಬೀಳುವುದರಿಂದ ಲೆಕ್ಕ ಸೊಗಸಾಗಿಯೇ ಕಾಣುತ್ತದೆ. ಆದರೆ ನನ್ನ ಕೆಲಸ ಮುಗಿಯುವುದೇ 6ಕ್ಕೆ, ಅಲ್ಲಿಗೆ ತಲುಪುವಾಗ 6.25.

ಮೊದಲ ಸುತ್ತು ಸರಿಯಾಗಿಯೇ ಬಂತು. ಎರಡನೆಯದನ್ನು ನಾವು ಹೇಳಿದ್ದು 6.48ಕ್ಕೆ, ಸಪ್ಲೈಯರ್ ಹುಡುಗ ಪುಸ್ತಕದಲ್ಲಿ ಬರೆದುಕೊಂಡು ಹೋದದ್ದನ್ನು ಇಬ್ಬರೂ ನೋಡಿದ್ದೇವೆ. ಕೌಂಟರಿನಲ್ಲಿ ಒಬ್ಬನೇ ಒಬ್ಬ ಕೆಲಸಗಾರನಿದ್ದ, ಅವನ ಮುಂದೆ ಪ್ರವಾಸಿಗರ ದೊಡ್ಡ ಗುಂಪಿನ ಆರ್ಡರುಗಳು ಸಾಲುಗಟ್ಟಿದ್ದವು. ನಮ್ಮ ಚೀಟಿ ಬಿಲ್ಲಿನ ಯಂತ್ರಕ್ಕೆ ಹೋದದ್ದು 7.03ಕ್ಕೆ. ಬಿಲ್ಲು ಬಂದಾಗ ಆ ಸುತ್ತಿನ ಎರಡು ಗ್ಲಾಸಿಗೂ ಪೂರ್ತಿ ದರ, ಅಂದರೆ 650ರ ಬದಲು 1,300 ರೂಪಾಯಿ.

ಮ್ಯಾನೇಜರ್ ವಿನಯದಿಂದಲೇ, "ಸರ್, ಸಿಸ್ಟಮ್‌ನಲ್ಲಿ 7.03 ಅಂತ ಬಂದಿದೆ, ನಮ್ಮ ಕೈಲಿ ಏನೂ ಇಲ್ಲ" ಎಂದರು. ಗಿರಾಕಿ ಬಾಯಿಬಿಟ್ಟು ಹೇಳಿದ ಹೊತ್ತು ಲೆಕ್ಕಕ್ಕಿಲ್ಲ, ಯಂತ್ರಕ್ಕೆ ಏರಿದ ಹೊತ್ತೇ ಲೆಕ್ಕ ಎಂಬ ನಿಯಮವನ್ನು ಮೆನುವಿನ ಕೊನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿಸಿದ್ದರು. ತಡವಾದದ್ದು ಅವರ ಕೌಂಟರಿನಲ್ಲಿ, ದಂಡ ತೆತ್ತವರು ನಾವು; ಇದನ್ನು ನಾನು ಇಂದಿಗೂ ಒಪ್ಪಲಾರೆ. ಇದಲ್ಲದೆ, ಒಬ್ಬರೇ ಹೋದರೆ ಉಚಿತದ ಗ್ಲಾಸನ್ನು ಮೊದಲನೆಯದರ ಜೊತೆಗೇ ತಂದಿಡುವುದರಿಂದ, ಒಂದನ್ನು ನಿಧಾನವಾಗಿ ಮುಗಿಸುವಷ್ಟರಲ್ಲಿ ಇನ್ನೊಂದರ ಐಸ್ ಕರಗಿ ವಿಸ್ಕಿ ನೀರಾಗಿರುತ್ತದೆ.

ಅಲ್ಲಿನ ಪೋರ್ಕ್ ಚಾಪ್, ಅಂದರೆ ಹಂದಿಯ ಬೆನ್ನಿನ ಮಾಂಸದ ತುಂಡು, 890 ರೂಪಾಯಿ, ಕಡಿತದ ನಂತರ 623. ಆದರೆ ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಇಂಥ ಜಾಗಗಳಲ್ಲಿ ಊಟಕ್ಕೆ ಜಿಎಸ್‌ಟಿ ಶೇಕಡಾ 18 ಆದ್ದರಿಂದ ಕೊನೆಗೆ 735 ಆಯಿತು. ಪೇಟೆಯ ಸಾಮಾನ್ಯ ಹೋಟೆಲಿನಲ್ಲಿ ಆ ತೆರಿಗೆ ಶೇಕಡಾ 5 ಮಾತ್ರ. ಶೇಕಡಾ 10 ಸೇವಾ ಶುಲ್ಕವನ್ನೂ ತಾವಾಗಿಯೇ ಸೇರಿಸಿದ್ದರು. ಹಾಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದ್ದು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೇಳಿದ ಕೂಡಲೇ ತೆಗೆದುಹಾಕಿದರು. ಚಾಪ್ ಮಾತ್ರ ಒಣಗಿತ್ತು. ಬೆನ್ನಿನ ಭಾಗದ ಮಾಂಸದಲ್ಲಿ ಕೊಬ್ಬು ಕಡಿಮೆ. ಒಳಗಿನ ಉಷ್ಣತೆ 63 ಡಿಗ್ರಿ ಮುಟ್ಟಿದಾಗ ಇಳಿಸಿ ಮೂರು ನಿಮಿಷ ಸುಮ್ಮನೆ ಬಿಟ್ಟರೆ ರಸ ಉಳಿಯುತ್ತದೆ. ಇದು ಮೊದಲೇ ಸುಟ್ಟಿಟ್ಟು ಮತ್ತೆ ಬಿಸಿಮಾಡಿದಂತಿತ್ತು.

ಕುಶಾಲನಗರದ ಕಡೆಯ ಗ್ರಿಲ್‌ನಲ್ಲಿ ಚಾಪ್ ಮೂರರಲ್ಲೇ ಅತ್ಯುತ್ತಮ, ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್ ದೂರ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಾಂಶ ಮೀರಿದರೆ ಮೊದಲ ಸಲವೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇರುವಾಗ, ಅದಕ್ಕಿಂತ ಹೆಚ್ಚಾಗಿ ಮಂಜು ಕವಿದ ಆ ತಿರುವುಗಳನ್ನು ನೆನೆದಾಗ, ಕುಡಿದು ಕಾರು ಓಡಿಸುವ ಮಾತೇ ಇಲ್ಲ. ಹೋಗಿ ಬರಲು ಬಾಡಿಗೆ ಕಾರು ಮಾಡಿದರೆ ರಿಯಾಯಿತಿಯೆಲ್ಲ ಅದಕ್ಕೇ ಸರಿಹೋಗುತ್ತದೆ.

ಪೇಟೆಯ ಬಾರಿನಲ್ಲಿ ಹ್ಯಾಪಿ ಅವರ್ ಎಂಬ ಫಲಕವೇ ಇಲ್ಲ. ಸಂಜೆ 4ರಿಂದ 7ರವರೆಗೆ 260ರ ಲಾರ್ಜಿಗೆ 40 ರೂಪಾಯಿ ಕಡಿಮೆ ಮಾಡುತ್ತಾರೆ, ಅಷ್ಟೆ. ಕಡಿತವಿಲ್ಲದ ಹೊತ್ತಿನಲ್ಲೂ ಅದು ರೆಸಾರ್ಟಿನ ರಿಯಾಯಿತಿ ದರಕ್ಕಿಂತ ಅಗ್ಗ. ಪ್ರತಿ ಪೆಗ್ಗನ್ನೂ ನಮ್ಮ ಕಣ್ಣೆದುರೇ ಅಳೆದು ಹೊಯ್ಯುತ್ತಾರೆ, ಹೇಳಿದ ಸಮಯವನ್ನು ಚೀಟಿಯ ಮೇಲೆ ಪೆನ್ನಿನಲ್ಲೇ ಬರೆಯುತ್ತಾರೆ. 280 ರೂಪಾಯಿಯ ಪಂದಿ ಫ್ರೈಯಲ್ಲಿ ಕೊಬ್ಬು ಚರ್ಮದ ಸಮೇತ ಇರುತ್ತದೆ, ಮೆಣಸನ್ನು ತರಿತರಿಯಾಗಿ ಕುಟ್ಟಿ ಹಾಕಿರುತ್ತಾರೆ, ಕೊನೆಯಲ್ಲಿ ಒಂದಿಷ್ಟು ಕಾಚಂಪುಳಿ ಬಿದ್ದಿರುತ್ತದೆ. ಹಣ್ಣಿನ ರಸವನ್ನು ಕಪ್ಪಗಾಗುವವರೆಗೆ ಕುದಿಸಿ ಮಾಡಿದ ಆ ಹುಳಿ ಕೊಬ್ಬಿನ ಜಿಡ್ಡನ್ನು ಕತ್ತರಿಸುವ ರೀತಿಗೆ ರೆಸಾರ್ಟಿನ ಕೆನೆಭರಿತ ಪೆಪ್ಪರ್ ಸಾಸ್ ಸಾಟಿಯಲ್ಲ. ಟಿ.ವಿ. ಸದ್ದು ಜೋರು, ಕುಟುಂಬದೊಂದಿಗೆ ಕೂರುವ ಜಾಗವಂತೂ ಅದಲ್ಲ.

ಮನೆ ಅಲ್ಲಿಂದ ಹತ್ತು ನಿಮಿಷದ ನಡಿಗೆ, ತಿಂಗಳಿಗೆ ಇಂಥ ಎರಡು ಸಂಜೆಗಳಿಗೆ ನಾನು ಎತ್ತಿಡುವುದು 2,500 ರೂಪಾಯಿ. ತೋಟದ ನೋಟಕ್ಕಾಗಿ ರೆಸಾರ್ಟಿಗೇ ಹೋಗಬೇಕೆನ್ನುವವರು 5.30ಕ್ಕೇ ಕುಳಿತು, ಕೊನೆಯ ಸುತ್ತನ್ನು 6.30ರೊಳಗೆ ಹೇಳಿ, ಅದು ಯಂತ್ರಕ್ಕೆ ಏರಿತೇ ಎಂದು ಕೌಂಟರಿನಲ್ಲೇ ನಿಂತು ಕೇಳಿಕೊಳ್ಳಲಿ.